ಖೇಜಡಸರದ ನೀರು

ಮರುಭೂಮಿಯ ನಕ್ಷೆ ಬರೆದವನು ನಾನೇ ಸ್ವಾಮಿ! ಸರಿ, ಸುಳ್ಳು. ಬರೆಯುವ ಸಾಹೇಬರಿಗೆ ಕೊಡೆ ಹಿಡಿದವನು ನಾನು.

ಮರಳುದಿಬ್ಬಗಳ ನಡುವಿನ ಕಣಿವೆಯಲ್ಲಿ ಖೇಜಡಸರ ಅಂತ ಒಂದೂರು. ಹಳೆಯ ನಕ್ಷೆಯಲ್ಲಿ ಅಲ್ಲಿ ಮನೆಗಳು ಕಿಕ್ಕಿರಿದಿದ್ದವು. ನಾವು ಹೋದಾಗ ಉಳಿದದ್ದು ಒಂದು ಬಾವಿ, ಒಂದು ಗುಡಿಸಲು, ಅದರಲ್ಲಿ ಜಮ್ಕು ಎಂಬ ಹೆಂಗಸು.

“ಇದು ಊರೇ ಅಲ್ಲ. ಹೊಸ ನಕ್ಷೆಯಲ್ಲಿ ಹೆಸರು ಬೇಡ,” ಎಂದರು ಸಾಹೇಬರು.

ಜಮ್ಕು ನನ್ನ ಬಳಿ ಬಂದಳು. “ಅಣ್ಣಾ, ಒಂಟೆ ಹೊಡೆದುಕೊಂಡು ಹೋದ ಗಂಡ ಇನ್ನೂ ಬಂದಿಲ್ಲ. ಊರಿಗೆ ಹೆಸರೇ ಇಲ್ಲದಿದ್ದರೆ ಅವನು ಯಾವ ದಾರಿ ಕೇಳಿಯಾನು?”

ನನಗೂ ನನ್ನೂರು ನೆನಪಾಯಿತು. ಅವಳ ಕಿವಿಯಲ್ಲಿ ಒಂದು ಮಾತು ಹೇಳಿದೆ.

ಮಧ್ಯಾಹ್ನ ಸಾಹೇಬರು ನೀರು ಕೇಳಿದರು. ಜಮ್ಕು ತಂಬಿಗೆ ತಂದಳು, ಆದರೆ ಕೈಗೆ ಕೊಡಲಿಲ್ಲ.

“ಇಲ್ಲಿನ ಪದ್ಧತಿ, ಸಾಹೇಬರೇ,” ಎಂದೆ ನಾನು. “ಕುಡಿಯುವವರು ಮೊದಲು ಊರಿನ ಹೆಸರು ಹೇಳಿ ಹರಸಬೇಕು.”

“ಇಲ್ಲದ ಊರನ್ನು ಹರಸುವುದೇ?”

“ಇಲ್ಲದ ಊರಿಗೆ ಬಾವಿಯೂ ಇರುವುದಿಲ್ಲವಲ್ಲ.” ಕೊಡೆಯನ್ನು ತುಸು ವಾಲಿಸಿದೆ. ಬಿಸಿಲು ಅವರ ನೆತ್ತಿಗೆ ಬಡಿಯಿತು.

“ಖೇಜಡಸರ... ಬಾಳಲಿ!”

ಗಟಗಟ ಕುಡಿದರು. “ಹರಸಿದ ಬಾಯಲ್ಲೇ ಅಳಿಸು ಅನ್ನುವುದು ಹೇಗಯ್ಯಾ?” ಎಂದು ಗೊಣಗುತ್ತ ತಾವೇ ಹೆಸರು ಬರೆದರು.

ಆ ಪದ್ಧತಿಯನ್ನು ಹುಟ್ಟಿಸಿದ್ದು ಅವತ್ತು ಬೆಳಿಗ್ಗೆ, ನಾನೇ.

ಗಂಡ ಬಂದನೇ? ಬಂದ ಅಂತ ಒಮ್ಮೊಮ್ಮೆ ಹೇಳುತ್ತೇನೆ. ನಿಜ ಗೊತ್ತಿಲ್ಲ. ಆ ನಕ್ಷೆ ಕಂಡಲ್ಲೆಲ್ಲ ಆ ಹೆಸರಿನ ಮೇಲೆ ಬೆರಳಿಡುತ್ತೇನೆ. ಆ ನೀರಿನ ರುಚಿ ಮತ್ತೆಲ್ಲೂ ಸಿಗಲಿಲ್ಲ. ಈ ಚಹಾದಲ್ಲಂತೂ ಇಲ್ಲ. ಅಂದಹಾಗೆ, ಕಥೆ ಕೇಳಿದವರೇ ಚಹಾದ ದುಡ್ಡು ಕೊಡುವುದು ನಮ್ಮೂರ ಪದ್ಧತಿ.