ಏಳು ಗೆರೆಯ ಚೌಕಟ್ಟು

ಒಬ್ಬ ಬಡಗಿ ಹನ್ನೊಂದು ವರ್ಷ ಇದ್ದ ಬಾಡಿಗೆ ಮನೆ ಬಿಡುತ್ತಿದ್ದ. ತಾನೇ ಜಡಿದಿದ್ದ ಗೂಡಿನ ಹಲಗೆ ಕೀಳಲು ಹೋದರೆ ಮಾಲೀಕ ಪುಟ್ಟಸ್ವಾಮಪ್ಪ ಬಾಡಿಗೆಯ ಕರಾರುಪತ್ರ ಹಿಡಿದು ತಡೆದ.

“ಮುಟ್ಟಬೇಡ! ಮನೆಗೆ ಜಡಿದದ್ದೆಲ್ಲ ಮಾಲೀಕಂದು. ಕಾನೂನು ಗೊತ್ತೇನಯ್ಯ?”

ಬಡಗಿ ಕೈಬಿಟ್ಟ. ಅಷ್ಟರಲ್ಲಿ ಮಾಲೀಕನ ಕಣ್ಣಿಗೆ ಬಾಗಿಲ ಚೌಕಟ್ಟು ಬಿತ್ತು. ಎಡಗಂಬದಲ್ಲಿ ಉಳಿಯಿಂದ ಕೊರೆದ ಏಳು ಗೆರೆ.

“ನನ್ನ ಮರ ಹಾಳು ಮಾಡಿದೀಯಲ್ಲೋ!”

“ಮನೆಗೆ ಸೇರಿದ್ದು ಅಂದ್ರೆ ಗೆರೆನೂ ನಿಮ್ಮದೇ ಅಲ್ವಾ ಸ್ವಾಮಿ?”

“ಯಾವನಿಗೆ ಬೇಕು ಈ ದರಿದ್ರ ಕಂಬ! ಕಿತ್ಕೊಂಡು ಹೋಗಿ ಹೊಸದು ಹಾಕು!”

ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡರು. ಬಡಗಿ ಗಾಡಿಯಿಂದ ಹೊಸ ಕಂಬ ತಂದ. ಅದು ಅಳತೆಗೆ ಸರಿಯಾಗಿ ಕೂತಿತು. ಹಳೆಯದನ್ನು ಸೀರೆಯಲ್ಲಿ ಸುತ್ತಿದ.

ಮಾಲೀಕ ಬೆಪ್ಪಾದ. “ಮೊದಲೇ ಮಾಡಿಟ್ಟಿದ್ಯಾ?”

“ಹೋದ ತಿಂಗಳೇ. ನಾನಾಗಿ ಕೇಳಿದ್ರೆ ನೀವು ಕೊಡ್ತಿರಲಿಲ್ಲ. ಮಗಳು ಚಂಪಾನ ಯುಗಾದಿಗೊಂದು ಸಲ ಇಲ್ಲಿ ನಿಲ್ಲಿಸಿ ಎತ್ತರ ಗುರುತು ಹಾಕ್ತಿದ್ದೆ.”

“ಹನ್ನೊಂದು ವರ್ಷಕ್ಕೆ ಏಳೇ ಗೆರೆ?”

“ಎಂಟನೇ ಯುಗಾದಿಗೆ ಅವಳಿರಲಿಲ್ಲ ಸ್ವಾಮಿ.”

ಪುಟ್ಟಸ್ವಾಮಪ್ಪ ಕರಾರುಪತ್ರ ಜೇಬಿಗಿಟ್ಟು, ಕಂಬದ ಇನ್ನೊಂದು ತುದಿಗೆ ಹೆಗಲು ಕೊಟ್ಟ.