ಹಿಂದಿನ ಪೆಟ್ಟಿಗೆ

ನದಿ ದಂಡೆಯ ಮಠದಲ್ಲಿ ಇದ್ದವರು ಇಬ್ಬರೇ. ಎಲ್ಲರೂ ಅಜ್ಜಯ್ಯ ಎಂದು ಕರೆಯುವ ಮುಪ್ಪಾದ ಗುರು, ಮತ್ತು ಶಿಷ್ಯ ಮರುಳಯ್ಯ. ಜೊತೆಗೊಂದು ಮಿನಿ ಟ್ರ್ಯಾಕ್ಟರ್. ಅದರ ಮುಂದೆ ಮಣ್ಣು, ಕಲ್ಲು ಎತ್ತುವ ಲೋಡರ್. ಹಿಂದೆ ಕಲ್ಲು ತುಂಬಿದ ಕಬ್ಬಿಣದ ಪೆಟ್ಟಿಗೆ.

ಮರುಳಯ್ಯನನ್ನು ಸಾಕಿ ಬೆಳೆಸಿದವಳು ಅಕ್ಕ ನೀಲಮ್ಮ. ಪ್ರತಿ ಅಮಾವಾಸ್ಯೆಗೆ ಬಸ್ಸು ಹತ್ತಿ ಬಂದು ತಮ್ಮನ ಮುಖ ನೋಡಿಕೊಂಡು ಹೋಗುತ್ತಿದ್ದಳು. ಈ ಸಲ ಅವನು ಅವಳನ್ನು ಬಾಗಿಲಲ್ಲೇ ತಡೆದ.

"ಇನ್ಮೇಲೆ ಬರಬೇಡಕ್ಕ. ನಾನು ಎಲ್ಲಾ ಬಿಟ್ಟವನು."

ಅಕ್ಕ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಳು.

ಮರುಳಯ್ಯ ಇದೇ ವೈರಾಗ್ಯವೆಂದು ತನಗೆ ತಾನೇ ಹೇಳಿಕೊಂಡು ಕೆಲಸಕ್ಕೆ ಹೋದ. ಅವನ ವೈರಾಗ್ಯ ಟ್ರ್ಯಾಕ್ಟರನ್ನೂ ಬಿಡಲಿಲ್ಲ. ಹಿಂದಿನ ಪೆಟ್ಟಿಗೆಯನ್ನು ಕಳಚಿ ನೆಲಕ್ಕಿಳಿಸಿದ.

"ಅದನ್ಯಾಕೆ ಬಿಚ್ಚಿದೆ?" ಅಜ್ಜಯ್ಯ ಕೇಳಿದರು.

"ಎತ್ತೋದು ಮುಂದಿನ ಲೋಡರ್ ಬುದ್ಧೀ. ಇದು ದುಡಿಯೋದಿಲ್ಲ, ಏನಿಲ್ಲ. ಸುಮ್ನೆ ಜೋತುಬಿದ್ದಿರುತ್ತೆ."

"ಹಂಗಾದ್ರೆ ಎತ್ತು, ನೋಡೋಣ."

ದಂಡೆ ಕುಸಿಯದಂತೆ ನದಿಯಂಚಿಗೆ ಇಡಬೇಕಿದ್ದ ಬಂಡೆಯೊಂದು ಅಲ್ಲೇ ಬಿದ್ದಿತ್ತು. ಮರುಳಯ್ಯ ಲೋಡರನ್ನು ಅದರಡಿಗೆ ತೂರಿಸಿ ಎತ್ತಿದ.

ಲೋಡರಿಗೆ ಶಕ್ತಿಯಿತ್ತು. ಬಂಡೆ ಮೇಲೆದ್ದಿತು. ಅದರ ಜೊತೆಗೇ ಹಿಂದಿನ ಚಕ್ರಗಳೂ ನೆಲ ಬಿಟ್ಟವು.

ಟ್ರ್ಯಾಕ್ಟರ್ ಮೂತಿ ತಗ್ಗಿಸಿ ನದಿಯತ್ತ ಜಾರತೊಡಗಿತು. ಮರುಳಯ್ಯ ಬ್ರೇಕ್ ತುಳಿದ. ಬ್ರೇಕ್ ಇದ್ದದ್ದು ಹಿಂದಿನ ಚಕ್ರಗಳಿಗೆ, ಅವು ಗಾಳಿಯಲ್ಲಿದ್ದವು.

"ಇಳಿಸು! ಮೆಲ್ಲಗೆ ಕೆಳಗಿಳಿಸು!" ಅಜ್ಜಯ್ಯ ಕೂಗಿದರು.

ಬಂಡೆ ನೆಲ ಮುಟ್ಟಿತು. ಹಿಂದಿನ ಚಕ್ರಗಳು ಧೊಪ್ಪನೆ ಕೂತವು.

ಅಜ್ಜಯ್ಯ ಬೈಯಲಿಲ್ಲ. ಪೆಟ್ಟಿಗೆಯತ್ತ ಕೈ ತೋರಿಸಿದರು, ಅಷ್ಟೇ.

ಮರುಳಯ್ಯ ಪೆಟ್ಟಿಗೆಯನ್ನು ಮತ್ತೆ ಹಿಂದಕ್ಕೆ ಸಿಕ್ಕಿಸಿದ. ಅದೇ ಬಂಡೆಯನ್ನು ಎತ್ತಿ, ನೆಲಕ್ಕೆ ಹತ್ತಿರವೇ ಹಿಡಿದು ನಿಧಾನಕ್ಕೆ ಒಯ್ದ. ಹಿಂದಿನ ಚಕ್ರಗಳು ನೆಲ ಕಚ್ಚಿಕೊಂಡೇ ಇದ್ದವು. ಬಂಡೆ ದಂಡೆಯಲ್ಲಿ ಕೂತಿತು.

ಅವನು ಇಂಜಿನ್ ಆರಿಸಿದ.

"ಇದು ಏನನ್ನೂ ಎತ್ತಲ್ಲ, ಬುದ್ಧೀ."

"ಇಲ್ಲ."

"ಆದ್ರೂ ಇದಿಲ್ದೆ..."

ಮಾತು ಮುಗಿಯಲಿಲ್ಲ. ಮರುಳಯ್ಯ ಬಾಗಿಲ ಕಡೆಗೆ ಓಡಿದ.

ಕಟ್ಟೆ ಖಾಲಿಯಿತ್ತು. ರಸ್ತೆಯ ತಿರುವಿನಲ್ಲಿ ಬಸ್ಸಿನ ಧೂಳು ಇನ್ನೂ ಇಳಿದಿರಲಿಲ್ಲ. ಮಠ ಸೇರಿದ ಮೇಲೆ ಒಂಟಿಯಾಗಿರುವುದು ಅವನಿಗೆ ಅಭ್ಯಾಸವಾಗಿತ್ತು. ಆದರೆ ತನಗೆ ಯಾರೂ ಇಲ್ಲ ಎಂದು ಅನಿಸಿದ್ದು ಇದೇ ಮೊದಲು. ಅದನ್ನು ತಡೆದುಕೊಳ್ಳುವುದು ಅವನಿಂದಾಗಲಿಲ್ಲ.

ಕಾಲೆಳೆಯುತ್ತ ದಂಡೆಗೆ ಹಿಂತಿರುಗಿದ.

"ಹೊರಟುಹೋದಳು, ಬುದ್ಧೀ."

ಅಜ್ಜಯ್ಯ ಆಚೆ ದಡವನ್ನೇ ನೋಡುತ್ತಿದ್ದರು. ದಂಡೆಗೆ ಕಟ್ಟಿದ್ದ ತೆಪ್ಪದ ಹಗ್ಗವನ್ನು ತಾವೇ ಬಗ್ಗಿ ಬಿಚ್ಚಿ, ಅವನ ಕೈಗಿಟ್ಟರು.

"ಬಸ್ಸು ಸೇತುವೆ ಸುತ್ತಿ ಆಚೆ ದಡಕ್ಕೆ ಬರುತ್ತೆ. ತೆಪ್ಪದಲ್ಲಿ ಹೋದ್ರೆ ನೀನೇ ಮೊದಲು ಮುಟ್ತೀಯ. ನಾನೂ ಒಂದು ಕಾಲಕ್ಕೆ ನನ್ನೋರನ್ನ ಹಿಂಗೇ ಬಾಗಿಲಲ್ಲಿ ತಡೆದಿದ್ದೆ. ಹಿಂದೆ ಹೋಗು ಅಂತ ನನಗೆ ಯಾರೂ ಹೇಳಲಿಲ್ಲ."