ನಡುವಿನಿಂದ ಹೊಲಿದ ಕೌದಿ

"ಗುರುಗಳೇ, ಅರ್ಧ ಕಲಿತದ್ದನ್ನು ಹೊತ್ತುಕೊಂಡು ಹೋಗಿ ಒಬ್ಬರ ಮುಂದೆ ನಿಲ್ಲುವುದು ಸರಿಯೇ?" ಎಂದು ಶಿಷ್ಯ ಕೇಳಿದ.

ಯಾರ ಮುಂದೆ ಎಂದು ಗುರುಗಳು ವಿಚಾರಿಸಿದರು. ಅವನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ತಮ್ಮ ಒಮ್ಮೆ ಬಂದು ಹೋಗಲಿ ಎಂದು ಹೇಳಿ ಕಳಿಸಿದ್ದಳು. ಅವನಿಗೂ ಹೋಗುವ ಮನಸ್ಸಿತ್ತು. ಆದರೆ ಹಿಡಿದ ಶಾಸ್ತ್ರ ಇನ್ನೂ ಮುಗಿದಿರಲಿಲ್ಲ. ಅದನ್ನು ಮುಗಿಸಿ, ಸಾವಿನ ಭಯವನ್ನೇ ಕಳೆಯುವ ಮಾತನ್ನು ಪೂರ್ತಿ ಕಲಿತು, ಅವಳ ಕಿವಿಯಲ್ಲಿ ಹೇಳಬೇಕು ಎಂಬುದು ಅವನ ಆಸೆ. ಅಲ್ಲಿಯವರೆಗೆ ಬರಿಗೈಯಲ್ಲಿ ಹೇಗೆ ಹೋಗಲಿ ಎಂದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನ ಹೊರಗೆ ಕೌದಿ ಹೊಲಿಯುವ ತಾಯಿ ಮಗಳು ಇದ್ದರು. ಮನೆಮನೆಗೆ ಹೋಗಿ ಹಳೆಯ ಸೀರೆ, ಧೋತರ, ಕುಪ್ಪಸ ಕೇಳಿ ತರುವುದು, ಪದರದ ಮೇಲೆ ಪದರವಿಟ್ಟು ಹೊಲಿಯುವುದು, ಆ ಮನೆಯವರಿಗೇ ಹೊದೆಯಲು ಕೊಡುವುದು ಅವರ ಕಸುಬು. ಕೂಲಿಗೆ ಜೋಳ. ಊರಿಗೆಲ್ಲ ಹೊದಿಸಿದವರ ಗುಡಿಸಲಿನಲ್ಲಿ ಮಾತ್ರ ನೆಟ್ಟಗಿನ ಒಂದು ಕೌದಿ ಇರಲಿಲ್ಲ. ಕುಂಬಾರನ ಮನೆಯಲ್ಲಿ ಒಡಕು ಮಡಕೆ ಇರುವುದು ಹೊಸದೇನಲ್ಲ.

ಆ ಕಸುಬಿಗೆ ಒಂದು ಕಟ್ಟಳೆ ಉಂಟು. ಕೌದಿಯನ್ನು ಅಂಚಿನಿಂದ ಹೊಲಿಯಬೇಕು. ಸುತ್ತಲೂ ಅಂಚು ಕಟ್ಟಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸಬೇಕು. ಯಾಕೆಂದರೆ ಅಂಚು ಕಟ್ಟಿದ ಮೇಲೆ ಪದರಗಳು ಜಾರುವುದಿಲ್ಲ. ಹೊಲಿಗೆ ಅರ್ಧವೇ ಆಗಿದ್ದರೂ ಸೂಜಿ ತೆಗೆದಿಟ್ಟು ಆ ರಾತ್ರಿಯೇ ಹೊದೆಯಬಹುದು. ಹಗಲು ಹೊಲಿಗೆ, ರಾತ್ರಿ ಹೊದಿಕೆ, ಬೆಳಗಾದರೆ ಮತ್ತೆ ಹೊಲಿಗೆ. ಕೌದಿ ಮುಗಿಯಲಿ ಎಂದು ಚಳಿ ಕಾಯುತ್ತ ಕೂಡುವುದಿಲ್ಲವಲ್ಲ.

ಒಂದು ಚಳಿಗಾಲ ತಾಯಿಗೆ ಜ್ವರ ಬಂತು. ಬಂದದ್ದು ಹೋಗಲಿಲ್ಲ. ಮೈನಡುಕ ನಿಲ್ಲಲಿಲ್ಲ. ಮಗಳು ತಾಯಿಗೆಂದೇ ಒಂದು ಕೌದಿ ಹೊಲಿಯಲು ಕುಳಿತಳು. ಎಲ್ಲರಿಗೂ ಹೊಲಿಯುವ ಚೌಕ ಚೌಕದ ಕೌದಿ ಅವಳಿಗೆ ಸಾಕೆನಿಸಲಿಲ್ಲ. ಗರುಡನ ಕೌದಿಯಾಗಬೇಕು ಎಂದುಕೊಂಡಳು. ದಾಸಿಯಾಗಿದ್ದ ತನ್ನ ತಾಯಿಯನ್ನು ಬಿಡಿಸಲು ದೇವಲೋಕಕ್ಕೆ ಹಾರಿ ಅಮೃತದ ಕೊಡ ತಂದ ಹಕ್ಕಿ ಅದು. ಆ ಹಕ್ಕಿ ನಡುವೆ ರೆಕ್ಕೆ ಬಿಚ್ಚಿ ನಿಲ್ಲಬೇಕು, ಕಾಲಲ್ಲಿ ಕೊಡ ಹಿಡಿದಿರಬೇಕು, ತಾಯಿ ಹೊದ್ದು ಮಲಗಿದಾಗ ಆ ಕೊಡ ಸರಿಯಾಗಿ ಅವಳ ಎದೆಯ ಮೇಲೆ ಬರಬೇಕು. ಹಾಗೆ ಬಂದರೆ ಸಾವು ಹತ್ತಿರ ಸುಳಿಯದು ಎಂದು ಮಗಳು ನಂಬಿದಳು. ನಡುಗುತ್ತಿದ್ದ ತಾಯಿಯನ್ನು ಅಂಗಾತ ಮಲಗಿಸಿ, ಗಂಟಲಿನಿಂದ ಎದೆಗೆ, ಎದೆಯಿಂದ ಪಾದಕ್ಕೆ ದಾರ ಹಿಡಿದು ಅಳೆದುಕೊಂಡಳು.

ಹಕ್ಕಿ ಇರುವುದು ನಡುವೆ. ಹಾಗಾಗಿ ಅವಳು ನಡುವಿನಿಂದಲೇ ಹೊಲಿಯತೊಡಗಿದಳು.

ರೆಕ್ಕೆಗೆ ಹಳದಿ ಬಟ್ಟೆ ಬೇಕಾಯಿತು. ಗುಡಿಸಲಿನಲ್ಲಿ ಹಳದಿ ಎಂದರೆ ತಾಯಿ ಹೊದ್ದುಕೊಂಡಿದ್ದ ಮದುವೆಯ ಸೀರೆ ಒಂದೇ. ಮಗಳು ಬಾಯಿಬಿಟ್ಟು ಕೇಳಲಿಲ್ಲ. ಅದರ ಕಡೆ ನೋಡಿದಳು, ಅಷ್ಟೆ. ತಾಯಿಯೇ ಅದನ್ನು ತೆಗೆದುಕೊಟ್ಟು, ಬದಿಯಲ್ಲಿದ್ದ ಗೋಣಿತಟ್ಟನ್ನು ಮೈಮೇಲೆ ಎಳೆದುಕೊಂಡಳು.

"ಅಂಚು ಕಟ್ಟೀಯೇನ್?" ಎಂದು ಆ ಸಂಜೆ ಕೇಳಿದಳು.

"ಮೊದಲ ಹಕ್ಕಿ ಆಗಲಿ, ಯವ್ವಾ. ಅಂಚು ಕಡೀಕ."

"ಹಕ್ಕಿಗೇನು, ಮೈತುಂಬ ಪುಕ್ಕ ಅದಾವ. ಅದಕ್ಕ ಚಳಿ ಎಲ್ಲೀದು?"

ಮಗಳು ನಕ್ಕಳು. ತಾಯಿಗೆ ಇನ್ನೂ ನಗೆಮಾತು ಬರುತ್ತಿದೆಯಲ್ಲ ಎಂದು ಧೈರ್ಯವೂ ಆಯಿತು.

ಗರುಡನ ಕೊಕ್ಕು ಮೊದಲು ಹೊರಗೆ ತಿರುಗಿತ್ತು. ತಾಯಿಯ ಮುಖ ನೋಡದ ಗರುಡ ಯಾಕೆ ಎಂದು ಅದನ್ನು ಬಿಚ್ಚಿದಳು. ಮತ್ತೆ ಹೊಲಿದಾಗ ಕುತ್ತಿಗೆ ಗಿಡ್ಡವಾಯಿತು. ಅದನ್ನೂ ಬಿಚ್ಚಿದಳು. ಪಕ್ಕದ ಗುಡಿಸಲಿನ ಮುದುಕಿ ಗಂಜಿ ಕೊಡಲು ಬಂದವಳು ನೆಲದ ತುಂಬ ಹರಡಿದ್ದ ಬಟ್ಟೆಯ ಗರಿಗಳನ್ನು ನೋಡಿದಳು. ಮೂಲೆಯಲ್ಲಿ ಗೋಣಿಯೊಳಗೆ ಮುದುಡಿದ್ದ ತಾಯಿಯನ್ನೂ ನೋಡಿದಳು.

"ಏನ ಹುಡುಗಿ, ಹಕ್ಕಿಗೆ ಬಾಣಂತನ ಮಾಡಾಕತ್ತೀಯೋ, ಅವ್ವನ್ನ ನೋಡಾಕತ್ತೀಯೋ?"

ಮಗಳು ಸೂಜಿಯಿಂದ ಕಣ್ಣೆತ್ತದೆ ಉತ್ತರ ಕೊಟ್ಟಳು. ಗರುಡನ ತಾಯಿ ವಿನತೆ ಎರಡು ತತ್ತಿ ಇಟ್ಟಿದ್ದಳು. ಕಾಯಲಾರದೆ ಒಂದನ್ನು ಒಡೆದಳು. ಅದರೊಳಗಿಂದ ಕಾಲೇ ಮೂಡದ ಅರುಣ ಬಂದ. ಎರಡನೆಯದನ್ನು ಕಾದದ್ದಕ್ಕೆ ಗರುಡ ಸಿಕ್ಕಿದ. "ಅದಕ್ಕ ನಾ ಅವಸರ ಮಾಡಂಗಿಲ್ಲ, ಆಯಿ," ಎಂದಳು.

ಗೋಣಿಯೊಳಗಿಂದ ತಾಯಿ ಮಾತಾಡಿದಳು.

"ಆ ಕಾಲಿಲ್ಲದಾಂವನೇ ಸೂರ್ಯನ ತೇರು ಹೊಡೀತಾನ, ಮಗಳ. ದಿನಾ ಮುಂಜಾನೆ ಬಿಸಲು ತರಾಂವ ಅವನ."

ಮಗಳಿಗೆ ಆ ಮಾತು ಕೇಳಿಸಿತು. ಕೈ ಒಂದು ಗಳಿಗೆ ನಿಂತಿತು. ನಾಳೆ ಅಂಚು ಹಿಡಿದುಬಿಡುತ್ತೇನೆ ಎಂದುಕೊಂಡಳು. ಬೆಳಿಗ್ಗೆ ಎದ್ದು ನೋಡಿದರೆ ಕೊಡದ ಬಾಯಿ ಒಂದು ಕಡೆ ಸೊಟ್ಟಗಿತ್ತು. ಸೊಟ್ಟ ಕೊಡದಲ್ಲಿ ಅಮೃತ ನಿಲ್ಲುತ್ತದೆಯೇ? ಅದನ್ನು ಬಿಚ್ಚಲು ಕುಳಿತಳು.

ಕೊನೆಗೂ ಹಕ್ಕಿ ಮುಗಿಯಿತು. ಅಂಥ ಗರುಡನನ್ನು ಆ ಕಸುಬಿನವರು ಯಾರೂ ಹೊಲಿದಿರಲಿಲ್ಲ. ರೆಕ್ಕೆ ಬೀಸಿದಂತೆ ಕಾಣುತ್ತಿತ್ತು. ಅಂಚು ಹಿಡಿದು ಮೂರು ಬದಿ ಕಟ್ಟಿದಳು. ನಾಲ್ಕನೆಯ ಬದಿಗೆ ಸೂಜಿ ಪೋಣಿಸಿ, "ಯವ್ವಾ, ಇವತ್ತ ಹೊದಿಯಾಕಿ ನೀ," ಎಂದು ತಿರುಗಿ ನೋಡಿದಳು. ಗೋಣಿತಟ್ಟು ನಡುಗುವುದು ನಿಂತಿತ್ತು.

ಕುಲದ ಹಿರಿಯರು ಬಂದರು. ಸತ್ತವರು ಕಡೆಗೆ ಹೊದ್ದಿದ್ದನ್ನೇ ಹೊದಿಸಿ ಕಳಿಸಬೇಕು, ಇಲ್ಲವಾದರೆ ಹೋದ ಜೀವಕ್ಕೆ ತನ್ನದೆಂಬ ಗುರುತು ಸಿಗದು ಎಂಬುದು ಅವರ ನಂಬಿಕೆ. ಮಗಳು ಗರುಡನ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ಅವರಲ್ಲೊಬ್ಬ ಹಿರಿಯ ಅದನ್ನು ಬಹಳ ಹೊತ್ತು ನೋಡಿದ. ಕಣ್ಣು ತುಂಬಿ ನೋಡಿದ.

"ನಿಮ್ಮವ್ವ ಇದನ್ನ ಒಮ್ಮೆರೆ ಹೊದ್ದಾಳೇನ?" ಎಂದು ಕೇಳಿದ.

ಮಗಳಿಗೆ ಹೌದೆನ್ನಲು ಆಗಲಿಲ್ಲ. ತಾಯಿಯ ಮೇಲೆ ಗೋಣಿತಟ್ಟೇ ಹೋಯಿತು.

ಎಲ್ಲರೂ ಹೋದ ಮೇಲೆ ಅವಳು ತಾಯಿ ಮಲಗುತ್ತಿದ್ದ ಜಾಗದಲ್ಲಿ ಕೌದಿಯನ್ನು ಹಾಸಿದಳು. ತಲೆಯ ಕಡೆ ತಲೆ, ಕಾಲ ಕಡೆ ಕಾಲು. ಕೊಡ ಬರಬೇಕಾದಲ್ಲೇ ಬಂದಿತ್ತು. ಅಳತೆ ಒಂದು ಬೆರಳೂ ತಪ್ಪಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅವಳು ಮಾಡಿದ್ದೆಲ್ಲ ಪ್ರೀತಿಯಿಂದಲೇ ಅಲ್ಲವೇ, ಗುರುಗಳೇ? ಅವಳನ್ನು ತಪ್ಪಿತಸ್ಥೆ ಎನ್ನುವುದು ಹೇಗೆ?"

"ನಾನು ಹಾಗೆ ಎನ್ನಲಿಲ್ಲವಲ್ಲ. ಅದಿರಲಿ, ನಿಮ್ಮೂರ ಕಡೆ ಈಗ ಚಳಿ ಹೇಗಿದೆ?" ಎಂದು ಗುರುಗಳು ಕೇಳಿದರು.

ಶಿಷ್ಯ ಅರ್ಧ ಓದಿದ ಗ್ರಂಥವನ್ನು ಮುಚ್ಚಿಟ್ಟು ಎದ್ದ.